ಸಹಿ ಹಾಕಿದ ಚೀಟಿ

ಅವಳಿಗೆ ನಾಲ್ಕನೆಯ ಪಟ್ಟಿ ಇರಲಿಲ್ಲ.

ಮೂರಿದ್ದವು. ಬಿಳಿ ಅಂಗಿಯ ಎರಡೂ ಭುಜಗಳ ಮೇಲೆ, ಕಪ್ಪು ಬಟ್ಟೆಗೆ ಹೊಲಿದ ಬಂಗಾರದ ಬಣ್ಣದ ಮೂರು ಪಟ್ಟಿ. ಮೂರು ಅಂದರೆ ಸಹಪೈಲಟ್, ಬಲಗಡೆಯ ಸೀಟು. ನಾಲ್ಕು ಅಂದರೆ ಕ್ಯಾಪ್ಟನ್, ಎಡಗಡೆಯ ಸೀಟು. ಎರಡು ಸೀಟುಗಳ ನಡುವೆ ಇರುವುದು ಒಂದು ಮೊಳ ಜಾಗ. ಆ ಒಂದು ಮೊಳ ದಾಟಲು ಅವಳು ಆರು ವರ್ಷದಿಂದ ಕಾಯುತ್ತಿದ್ದಳು.

ಆಳು ಕುಳ್ಳಿ. ಪೆಡಲ್ ಎಟುಕಲು ಸೀಟನ್ನು ಪೂರ್ತಿ ಮುಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಅದಕ್ಕೇ ಕಂಪನಿಯಲ್ಲಿ ಎಲ್ಲರ ಬಾಯಲ್ಲೂ ಗುಬ್ಬಿ. ಅವಳಿಗೂ ಅದು ರೂಢಿಯಾಗಿ, ಫೋನಿನಲ್ಲಿ ತಾನೇ "ಗುಬ್ಬಿ ಮಾತಾಡ್ತಿದೀನಿ" ಅನ್ನುತ್ತಿದ್ದಳು.

ಕಂಪನಿಯೂ ಗುಬ್ಬಿಯಂಥದ್ದೇ. ದೊಡ್ಡ ವಿಮಾನಗಳು ತಿರುಗಿಯೂ ನೋಡದ ಸಣ್ಣ ಊರುಗಳಿಗೆ ಜನ ಸಾಗಿಸುವ ಹನ್ನೊಂದು ವಿಮಾನ, ಒಂದೊಂದಕ್ಕೆ ನಲವತ್ತೆಂಟು ಸೀಟು, ರೆಕ್ಕೆಯ ಮೇಲೆ ಎರಡೆರಡು ಫ್ಯಾನು. ಪೈಲಟ್‌ಗಳು ನಲವತ್ತಾರು ಜನ. ಸಂಬಳ ಗಂಟೆಯ ಲೆಕ್ಕ. ಆ ಗಂಟೆ ಶುರುವಾಗುವುದು ವಿಮಾನದ ಬ್ರೇಕು ಬಿಟ್ಟಾಗ, ಮುಗಿಯುವುದು ಮತ್ತೆ ಬ್ರೇಕು ಹಾಕಿದಾಗ. ಬೆಳಗ್ಗೆ ಐದಕ್ಕೆ ಬಂದು, ಹವಾಮಾನ ಓದಿ, ಇಂಧನ ತುಂಬಿಸಿ, ಮಂಜು ಕರಗಲೆಂದು ಮೂರು ಗಂಟೆ ಕೂತರೆ ಆ ಮೂರು ಗಂಟೆಗೆ ಕಾಸಿಲ್ಲ. ಹದಿಮೂರು ಗಂಟೆ ಸಮವಸ್ತ್ರದಲ್ಲಿ ಬೆವತು ಐದು ಗಂಟೆಯ ಸಂಬಳ ತಂದ ದಿನಗಳೇ ಹೆಚ್ಚು.

ಅವಳ ಅಕ್ಕನದು ಇಸ್ತ್ರಿ ಅಂಗಡಿ. ಅಪ್ಪ ಬಿಟ್ಟುಹೋದ ಕಟ್ಟಡದಲ್ಲಿ ಎರಡು ಕೋಣೆ ಮಾರಿ ತಂಗಿಗೆ ಹಾರುವುದನ್ನು ಕಲಿಸಿದ್ದಳು. ಉಳಿದದ್ದು ಕೆಳಗೆ ಅಂಗಡಿ, ಮೇಲೆ ಒಂದು ಕೋಣೆ. ತಂಗಿಯ ಪರಿಚಯದ ಮೇಲೆ ಪೈಲಟ್‌ಗಳೆಲ್ಲ ಅಲ್ಲಿಗೇ ಅಂಗಿ ತರುತ್ತಿದ್ದರು. ವಾರಕ್ಕೆ ನೂರಕ್ಕೂ ಮೇಲೆ ಬಿಳಿ ಅಂಗಿ ಗೋಡೆಯುದ್ದಕ್ಕೆ ತೂಗುತ್ತಿದ್ದವು.

"ಪೆಟ್ಟಿಗೆ ಬಿಸಿಯಾಗೋವರೆಗೆ ನನಗೂ ಕಾಸಿಲ್ಲ ಕಣೆ," ಎಂದು ಅಕ್ಕ ಚೇಷ್ಟೆ ಮಾಡುತ್ತಿದ್ದಳು. "ಆದ್ರೆ ನಂದು ಐದು ನಿಮಿಷ. ನಿನ್ನದು ಬಿಸಿಯಾಗೋಕೆ ಅರ್ಧ ದಿನ ಹಿಡಿಯುತ್ತೆ. ಬಂದುಬಿಡು ಇಲ್ಲಿಗೇ, ನೀನು ಬ್ರೇಕ್ ಹಾಕಿ ಕೂತ್ರೂ ನಾನು ಸಂಬಳ ಕೊಡ್ತೀನಿ."

ಹೀಗೆ ಅಂದವಳೇ ನಾಲ್ಕು ಪಟ್ಟಿಯ ಒಂದು ಜೊತೆಯನ್ನು ಆಗಲೇ ಹೊಲಿದು, ಗುಂಡಿಗಳ ಡಬ್ಬಿಯಲ್ಲಿ ಇಟ್ಟಿದ್ದಳು. ತಂಗಿಗೆ ಗೊತ್ತಿತ್ತು. ಇಬ್ಬರೂ ಆ ಮಾತು ಎತ್ತುತ್ತಿರಲಿಲ್ಲ.

ಈ ಕತೆ ಒಂದು ಚೀಟಿಯದು. ಆದ್ದರಿಂದ ಚೀಟಿ ಅಂದರೇನು ಅಂತ ಮೊದಲು ಹೇಳಬೇಕು.

ಪ್ರತಿ ವಿಮಾನದಲ್ಲೂ ಒಂದು ದಪ್ಪ ಪುಸ್ತಕ ಇರುತ್ತದೆ. ವಿಮಾನದಲ್ಲಿ ಏನು ಕೆಟ್ಟರೂ ಪೈಲಟ್ ಅದನ್ನು ಕಂಡ ಜಾಗದಲ್ಲೇ, ಕಂಡ ಹೊತ್ತಿನಲ್ಲೇ ಅದರಲ್ಲಿ ಬರೆಯಬೇಕು. ಬರೆದ ಮೇಲೆ ಎಂಜಿನಿಯರ್ ಬಂದು ಸರಿಮಾಡಿ ಸಹಿ ಹಾಕುವವರೆಗೆ ವಿಮಾನ ನೆಲ ಬಿಡುವಂತಿಲ್ಲ. ಇದು ಕಾನೂನು. ಆದರೆ ಕಂಪನಿಯ ಎಂಜಿನಿಯರ್‌ಗಳೆಲ್ಲ ಇದ್ದದ್ದು ಮೂಲ ನಿಲ್ದಾಣವೊಂದರಲ್ಲೇ. ಸಣ್ಣ ಊರಿನ ನಿಲ್ದಾಣದಲ್ಲಿ ಪುಸ್ತಕಕ್ಕೆ ಬರೆದರೆ ವಿಮಾನ ಅಲ್ಲೇ ಗೂಟಕ್ಕೆ ಕಟ್ಟಿದ ಎಮ್ಮೆ. ಎಂಜಿನಿಯರ್ ಮರುದಿನ ಬರಬೇಕು. ಅಲ್ಲಿವರೆಗೆ ಪೈಲಟ್‌ಗೆ ಬ್ರೇಕು ಬಿಡುವ ಮಾತಿಲ್ಲ, ಅಂದರೆ ಸಂಬಳದ ಮಾತೂ ಇಲ್ಲ.

ಹಾಗಾಗಿ ಹಾವೂ ಸಾಯಬೇಕು ಕೋಲೂ ಮುರಿಯಬಾರದು ಅನ್ನುವ ಒಂದು ಉಪಾಯ ಯಾವುದೋ ಕಾಲದಿಂದ ನಡೆದುಬಂದಿತ್ತು. ದೋಷವನ್ನು ಒಂದು ತುಂಡು ಕಾಗದದ ಮೇಲೆ ಬರೆದು ಜೇಬಿಗೆ ಹಾಕಿಕೊಳ್ಳುವುದು. ಸಂಜೆ ಮೂಲ ನಿಲ್ದಾಣಕ್ಕೆ ಬಂದ ಮೇಲೆ ಎಂಜಿನಿಯರ್‌ಗಳ ಕೋಣೆಯ ಬಿಸ್ಕತ್ತು ಡಬ್ಬಿಗೆ ಅದನ್ನು ಹಾಕುವುದು. ಅವರು ಓದಿ, ಸರಿಮಾಡಿ, ತಾವೇ ಕಂಡುಹಿಡಿದ ಹಾಗೆ ಪುಸ್ತಕಕ್ಕೆ ಬರೆದುಕೊಂಡು ಚೀಟಿಯನ್ನು ಹರಿದು ಬಿಸಾಡುವುದು. ಬೆಳಗ್ಗೆ ಬಂದ ಕಾಯಿಲೆಗೆ ಸಂಜೆಯ ಜನ್ಮದಿನಾಂಕ. ಕಂಪನಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿಲ್ಲದ ಹಾಗೆ ಇರುವುದೂ ಗೊತ್ತಿತ್ತು.

ಚೀಟಿಯಲ್ಲಿ ಯಾರೂ ಹೆಚ್ಚು ಬರೆಯುತ್ತಿರಲಿಲ್ಲ. "ಬಲ ದೀಪ ನೋಡಿ", "ಬಾಗಿಲ ರಬ್ಬರ್ ನೋಡಿ" ಅಂತ ಕೋಳಿಕಾಲು ಗೀಚಿದರೆ ಮುಗಿಯಿತು. ಹೆಸರು, ತಾರೀಖು ಹಾಕುವ ಪೆದ್ದತನ ಯಾರೂ ಮಾಡುತ್ತಿರಲಿಲ್ಲ, ಗುಬ್ಬಿಯ ಹೊರತು. ಅವಳ ಚೀಟಿಯಲ್ಲಿ ವಿಮಾನದ ನಂಬರು, ಊರು, ಹೊತ್ತು, ತಾರೀಖು ಎಲ್ಲ ಇರುತ್ತಿತ್ತು. ಅಚ್ಚು ಹಾಕಿದಂಥ ಅಕ್ಷರ. ಕೆಳಗೆ ಸಹಿ. ಓದಿದವರಿಗೆ ಸಂಶಯ ಬಂದರೆ ತನ್ನನ್ನು ಕೇಳಲಿ ಎಂಬುದು ಅವಳ ಲೆಕ್ಕ.

"ಕಳ್ಳತನಕ್ಕೂ ರಸೀದಿ ಕೊಡೋಳು ಈ ಲೋಕದಲ್ಲಿ ನೀನೊಬ್ಬಳೇ," ಎಂದಿದ್ದ ಅಜ್ಜ.

ಅಜ್ಜ ಅಂದರೆ ಕಂಪನಿಯ ಅತಿ ಹಿರಿಯ ಕ್ಯಾಪ್ಟನ್. ನಿವೃತ್ತಿಗೆ ಏಳು ತಿಂಗಳಿತ್ತು. ಹಾರುವಾಗ ಬಾಯಿಗೆ ಲವಂಗ ಹಾಕಿಕೊಂಡು ಕೂರುತ್ತಿದ್ದ ಮನುಷ್ಯ. ಯಾವ ವಿಷಯಕ್ಕೂ ದನಿ ಏರಿಸಿದವನಲ್ಲ.

*

ಸಂಘದ ಸಭೆ ಸೇರಿದ್ದು ಬಾಡಿಗೆಗೆ ಸಿಗುವ ಒಂದು ಶಟಲ್ ಕೋರ್ಟಿನಲ್ಲಿ. ಕಂಪನಿಯ ಜಾಗದಲ್ಲಿ ಸೇರುವ ಹಾಗಿರಲಿಲ್ಲ. ಗಂಟೆಗೆ ಹಣ ಕಟ್ಟಿದರೆ ದೀಪ ಉರಿಯುತ್ತಿತ್ತು. ಗಂಟೆ ಮುಗಿದರೆ ತಾನಾಗಿ ಆರುತ್ತಿತ್ತು. ನೆಟ್ಟಿನ ಈ ಕಡೆ ಕ್ಯಾಪ್ಟನ್‌ಗಳು, ಆ ಕಡೆ ಸಹಪೈಲಟ್‌ಗಳು, ಯಾರೂ ಹೇಳದೆ ಹಾಗೆ ಕೂತುಬಿಟ್ಟಿದ್ದರು.

ಸಂಘದ ಕಾರ್ಯದರ್ಶಿಯನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ಕ್ಯಾಪ್ಟನ್ ಆಗುವ ಮುಂಚೆ ತರಬೇತಿ ಶಾಲೆಯಲ್ಲಿ ಪಾಠ ಮಾಡಿದವನು. ಈಗಲೂ ಮಾತಾಡುವಾಗ ಸೀಮೆಸುಣ್ಣ ಹಿಡಿದವರ ಹಾಗೆ ಬೆರಳು ಆಡಿಸುತ್ತಿದ್ದ.

"ನಮ್ಮ ಬೇಡಿಕೆ ಒಂದೇ," ಎಂದ. "ಕೆಲಸಕ್ಕೆ ಹಾಜರಾದ ನಿಮಿಷದಿಂದ ಸಂಬಳ. ಬ್ರೇಕಿಂದ ಅಲ್ಲ. ಎರಡು ವರ್ಷದಿಂದ ಕೇಳ್ತಿದೀವಿ, ಅವರು ಕಿವಿಗೆ ಹತ್ತಿ ಇಟ್ಕೊಂಡಿದಾರೆ. ಮುಷ್ಕರ ಮಾಡಿದ್ರೆ ನಾಳೆನೇ ಮನೆಗೆ ಕಳಿಸ್ತಾರೆ. ಅದಕ್ಕೆ ಮುಷ್ಕರ ಬೇಡ."

"ಮತ್ತೇನು, ಪ್ರಾರ್ಥನೆ ಮಾಡೋಣ್ವಾ?" ಯಾರೋ ಕೂಗಿದರು.

"ಕಾನೂನು ಪಾಲಿಸೋಣ. ಬರೋ ಒಂದನೇ ತಾರೀಖಿಂದ ಚೀಟಿ ಬಂದ್. ಎಷ್ಟೇ ಸಣ್ಣ ದೋಷ ಇರ್ಲಿ, ಕಂಡ ಕಡೆ ಪುಸ್ತಕಕ್ಕೆ. ಅಷ್ಟೇ. ಇಷ್ಟು ವರ್ಷ ಇವರ ವಿಮಾನ ಹಾರಿಸಿದ್ದು ಎಂಜಿನ್ ಅಲ್ಲ ಕಣ್ರೋ, ನಮ್ಮ ಜೇಬಲ್ಲಿದ್ದ ಚೀಟಿ. ಒಂದು ವಾರ ಜೇಬು ಖಾಲಿ ಇಟ್ಕೊಳ್ಳೋಣ. ಅವರೇ ಮಾತುಕತೆಗೆ ಕರೀತಾರೆ."

ಕೋರ್ಟಿನಲ್ಲಿ ನಗು ಎದ್ದಿತು. ನಗು ನಿಂತ ಮೇಲೆ ಅಜ್ಜ ಕೂತಲ್ಲಿಂದಲೇ ಹೇಳಿದ: "ನಲವತ್ತಾರೂ ಜನ ಮಾಡಿದ್ರೆ ಕಾನೂನು. ನಲವತ್ತೈದು ಜನ ಮಾಡಿದ್ರೆ ಪುಂಡಾಟ. ಅಷ್ಟು ನೆನಪಿಟ್ಕೊಂಡು ಕೈ ಎತ್ತಿ."

ಎಲ್ಲರೂ ಎತ್ತಿದರು. ಗುಬ್ಬಿಯೂ ಎತ್ತಿದಳು. ಬಲಗೈಯಲ್ಲಿ ಪೆನ್ನಿತ್ತು, ಎಡಗೈ ಎತ್ತಿದಳು. ಅಕ್ಷರ ಚೆಂದ ಅಂತ ನಡಾವಳಿ ಬರೆಯುವ ಕೆಲಸ ಅವಳ ತಲೆಗೇ ಕಟ್ಟಿದ್ದರು. "ಎಷ್ಟೇ ಸಣ್ಣ ದೋಷವಿರಲಿ" ಎಂದು ಬರೆದು ಅದರ ಕೆಳಗೆ ಗೆರೆ ಎಳೆಯುವ ಹೊತ್ತಿಗೆ ದೀಪ ಆರಿತು.

*

ಒಂದನೇ ತಾರೀಖು ಅವಳಿಗೂ ಅಜ್ಜನಿಗೂ ಆರು ಹಾರಾಟ. ಐದು ಮುಗಿದಿದ್ದವು. ಕೊನೆಯದು ಮೂಲ ನಿಲ್ದಾಣಕ್ಕೆ ವಾಪಸು. ಮಧ್ಯಾಹ್ನ ನಾಲ್ಕೂವರೆ. ಸಣ್ಣ ಊರಿನ ನಿಲ್ದಾಣ, ತಗಡಿನ ಮಾಡು, ಒಂದೇ ಗೇಟು. ಗಾಜಿನಾಚೆ ಪ್ರಯಾಣಿಕರು ಸಾಲು ನಿಂತಿದ್ದರು. ಗುಬ್ಬಿ ಹಳದಿ ಜಾಕೆಟ್ ತೊಟ್ಟು ವಿಮಾನದ ಸುತ್ತ ಒಂದು ಸುತ್ತು ಬಂದಳು. ಅದು ಸಹಪೈಲಟ್‌ನ ಕೆಲಸ.

ಎಡಗಡೆ ಒಳಚಕ್ರದ ಹತ್ತಿರ ಬಗ್ಗಿ ಟಾರ್ಚ್ ಬಿಟ್ಟಳು. ಬ್ರೇಕಿನಲ್ಲಿ ಬೆಂಕಿಕಡ್ಡಿ ಗಾತ್ರದ ಒಂದು ಪಿನ್ನು ಇರುತ್ತದೆ. ಬ್ರೇಕು ಸವೆದ ಹಾಗೆ ಪಿನ್ನು ಒಳಗೆ ಸರಿಯುತ್ತದೆ. ತುದಿ ಹೊರಗೆ ಕಾಣುತ್ತಿದ್ದರೆ ಹಾರಬಹುದು. ತುದಿ ಒಳಗೆ ಹೋಗಿ ಲೋಹದ ಮಟ್ಟಕ್ಕೆ ಸಮವಾದರೆ ಬ್ರೇಕಿನ ಆಯುಸ್ಸು ಮುಗಿಯಿತು, ಬದಲಿಸದೆ ಹಾರುವಂತಿಲ್ಲ.

ಪಿನ್ನು ಸಮವಾಗಿತ್ತು. ಉಗುರು ಆಡಿಸಿ ನೋಡಿದಳು. ಎಲ್ಲೂ ತಡೆಯಲಿಲ್ಲ.

ಅವಳು ಅಲ್ಲೇ ಕುಕ್ಕರಗಾಲಿನಲ್ಲಿ ಸ್ವಲ್ಪ ಹೊತ್ತು ಕೂತಳು. ಮರುದಿನ ಬೆಳಗ್ಗೆ ಎಂಟಕ್ಕೆ ಅವಳ ಕ್ಯಾಪ್ಟನ್ ಪರೀಕ್ಷೆ. ಹೊರಗಿನಿಂದ ಪರೀಕ್ಷಕ ಬರುವವನಿದ್ದ. ಈ ಮುಂಚೆ ಎರಡು ಸಲ ಗೊತ್ತಾಗಿ ಎರಡು ಸಲ ಮುಂದೆ ಹೋಗಿತ್ತು. ಈ ಸಲ ತಪ್ಪಿದರೆ ಸರದಿಯಲ್ಲಿ ಕೊನೆಗೆ ಹೋಗುತ್ತೀರಿ, ಮತ್ತೆ ಎರಡೋ ಮೂರೋ ವರ್ಷ ಎಂದು ಮುಖ್ಯ ಪೈಲಟ್ ಹೇಳಿದ್ದ. ಪುಸ್ತಕಕ್ಕೆ ಬರೆದರೆ ಇಂದು ರಾತ್ರಿ ಈ ತಗಡಿನ ಮಾಡಿನ ಊರಿನಲ್ಲಿ.

ಒಳಗೆ ಬಂದು ಬಾಗಿಲು ಎಳೆದುಕೊಂಡಳು.

"ಅಜ್ಜ, ಎಡ ಒಳಚಕ್ರ. ಪಿನ್ ಸಮ ಆಗಿದೆ."

ಅಜ್ಜ ಲವಂಗವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದ. "ಸಮ ಅಂದ್ರೆ ಸಮಾನಾ?"

"ಸಮ."

"ಹ್ಞೂಂ."

"ಇನ್ನೊಂದೇ ಇಳಿಯೋದು. ಅಲ್ಲಿ ರನ್‌ವೇ ಉದ್ದ ಇದೆ. ಫ್ಯಾನನ್ನೇ ಹಿಮ್ಮುಖ ಮಾಡಿ ವೇಗ ಇಳಿಸಿದ್ರೆ ಬ್ರೇಕ್ ಮುಟ್ಟೋ ಅಗತ್ಯಾನೇ ಇಲ್ಲ."

"ಇಲ್ಲ. ಹೋದ ವರ್ಷ ನಾನೇ ಎಷ್ಟು ಸಲ ಹಾಗೆ ಇಳಿದಿದೀನೋ." ಅವನು ಗಾಜಿನಾಚೆ ಸಾಲನ್ನು ನೋಡುತ್ತಿದ್ದ. "ಆದ್ರೆ ಹೋದ ವರ್ಷ ಒಂದನೇ ತಾರೀಖು ಇರ್ಲಿಲ್ಲ."

"ನೀವೇ ಹೇಳಿ ಅಜ್ಜ. ಕ್ಯಾಪ್ಟನ್ ನೀವು."

"ನಾಳೆ ಕ್ಯಾಪ್ಟನ್ ಆಗೋಳು ಇವತ್ತು ಇನ್ನೊಬ್ಬರ ಬಾಯಿ ನೋಡ್ತಾಳಾ? ಬರೆದ್ರೆ ನಾನು ಸಹಿ ಹಾಕ್ತೀನಿ, ಇಲ್ಲೇ ಮಲಗೋಣ. ಬರೀದಿದ್ರೆ ಹಾರಿಸ್ತೀನಿ. ಬಗ್ಗಿ ನೋಡಿದೋಳು ನೀನು. ಕೈ ಎತ್ತಿದೋಳೂ ನೀನು. ನಂಗೆ ಇನ್ನು ಏಳು ತಿಂಗಳು, ನಂದೇನು ಹೋಗ್ಬೇಕಾಗಿದೆ."

ಪುಸ್ತಕ ಎರಡು ಸೀಟುಗಳ ಹಿಂದಿನ ಚೀಲದಲ್ಲಿತ್ತು. ಅವಳು ಅದನ್ನು ತೆಗೆಯಲಿಲ್ಲ.

"ಜನ ಹತ್ತಿಸ್ಲಿ," ಎಂದಳು.

ಎಲ್ಲರೂ ಹತ್ತಿದ ಮೇಲೆ ಅಜ್ಜ ಬಾಗಿಲು ಮುಚ್ಚಿಸಿದ. ಬ್ರೇಕು ಬಿಟ್ಟ. ಗಂಟೆ ಶುರುವಾಯಿತು.

ವಿಮಾನ ಸುಖವಾಗಿ ಇಳಿಯಿತು. ಇಲ್ಲಿಗೆ ಅವಳು ಸುಮ್ಮನೆ ಮನೆಗೆ ಹೋಗಿದ್ದರೆ ಲೋಕದಲ್ಲಿ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೆ ಬೆಳಗ್ಗೆ ಅದೇ ವಿಮಾನವನ್ನು ಬೇರೆ ಯಾರೋ ಹತ್ತುತ್ತಾರೆ. ಸವೆದ ಬ್ರೇಕನ್ನು ಬಾಯಿ ಮುಚ್ಚಿಕೊಂಡು ಮತ್ತೊಬ್ಬರ ಕಾಲಡಿ ಇಟ್ಟು ಹೋಗುವುದು ಅವಳ ಜಾಯಮಾನವಲ್ಲ. ಆರು ವರ್ಷದ ಅಭ್ಯಾಸ ಕೈಯನ್ನು ನಡೆಸಿತು. ಇಳಿಯುವ ಮುಂಚೆಯೇ ಕಾಗದ ಹರಿದು ಬರೆದಿದ್ದಳು: ವಿಮಾನದ ನಂಬರು, ಊರು, ನಾಲ್ಕು ಮೂವತ್ತೈದು, ಒಂದನೇ ತಾರೀಖು. "ಎಡ ಒಳಚಕ್ರ, ಬ್ರೇಕ್ ಪಿನ್ ನೋಡಿ." ಕೆಳಗೆ ಸಹಿ.

ಬಿಸ್ಕತ್ತು ಡಬ್ಬಿ ಖಾಲಿಯಿತ್ತು. ಬೇರೆ ದಿನ ಆ ಹೊತ್ತಿಗೆ ಆರೇಳು ಚೀಟಿ ಇರುತ್ತಿದ್ದವು. ಅವಳದು ತಳಕ್ಕೆ ಬಿದ್ದಾಗ ಸಣ್ಣ ಸದ್ದೂ ಕೇಳಿಸಿತು.

*

ಪರೀಕ್ಷೆ ಪಾಸಾದಳು. ಪರೀಕ್ಷಕ ಕೈಕುಲುಕಿ, "ಸೀಟು ಮಾತ್ರ ಸ್ವಲ್ಪ ಎತ್ತರಿಸ್ಕೊಳ್ಳಿ" ಎಂದು ನಕ್ಕು ಹೋದ. ಬಡ್ತಿಯ ಪತ್ರಕ್ಕೆ ಮುಖ್ಯ ಪೈಲಟ್‌ನ ಸಹಿ ಬೀಳುವುದೊಂದು ಬಾಕಿ.

ಅಷ್ಟರಲ್ಲಿ ಸಂಘ ಗೆಲ್ಲುತ್ತಿತ್ತು. ಮೊದಲ ಮೂರು ದಿನದಲ್ಲಿ ಐದು ವಿಮಾನ ಐದು ಊರಿನಲ್ಲಿ ನಿಂತವು. ಒಂದನೇ ತಾರೀಖೇ ಮೇಷ್ಟ್ರು ತಾನಿದ್ದ ಊರಿನಲ್ಲಿ ಬ್ರೇಕ್ ಪಿನ್ ಸಮವಾಗಿದೆ ಎಂದು ಬರೆದು ವಿಮಾನ ನಿಲ್ಲಿಸಿದ್ದ. ನಾಲ್ಕನೆಯ ದಿನ ಕಂಪನಿ ಮಾತುಕತೆಗೆ ಕರೆಯಿತು. ಹಾಜರಾದ ಹೊತ್ತಿಗೆ ಅರ್ಧ ದರ ಕೊಡುತ್ತೇವೆ ಎಂದಿತು. ಸಂಘ ಪೂರ್ತಿ ಬೇಕು ಎಂದಿತು. ಇನ್ನೊಂದು ವಾರ ಎಳೆದಿದ್ದರೆ ಬರುತ್ತಿತ್ತೋ ಏನೋ.

ಆರನೆಯ ದಿನ ಕಂಪನಿ ತಿರುಗಿ ಬಿತ್ತು. ವಿಮಾನ ನಿಲ್ಲಿಸಿದ ಐದು ಕ್ಯಾಪ್ಟನ್‌ಗಳಿಗೂ ನೋಟಿಸು. ಕಾರ್ಮಿಕ ಅಧಿಕಾರಿಯ ಮುಂದೆ ದೂರು: ಇವರು ಇಲ್ಲದ ದೋಷ ಬರೆದು ಬೇಕೆಂದೇ ಕೆಲಸ ಕೆಡಿಸುತ್ತಿದ್ದಾರೆ.

ಮುಖ್ಯ ಪೈಲಟ್ ಗುಬ್ಬಿಯನ್ನು ಕರೆಸಿದ. ಮೇಜಿನ ಮೇಲೆ ಪ್ಲಾಸ್ಟಿಕ್ ಹಾಳೆಯೊಳಗೆ, ಈ ಸಲ ಯಾರೂ ಹರಿದು ಬಿಸಾಡದ ಅವಳ ಚೀಟಿ. ಪಕ್ಕದಲ್ಲಿ ಅವಳ ಬಡ್ತಿ ಪತ್ರ.

"ಎಷ್ಟು ಮುದ್ದಾದ ಅಕ್ಷರ," ಎಂದ. "ಇಂಥ ಅಕ್ಷರ ಇಟ್ಕೊಂಡು ಪೈಲಟ್ ಯಾಕಾದ್ರಿ ನೀವು? ಕೂತ್ಕೊಳ್ಳಿ. ಹೆದರ್ಬೇಡಿ. ನಾನು ನಿಮ್ಮ ಕಡೆಯೋನು."

ಅವಳು ಕೂತಳು.

"ಒಂದೇ ದಿನ, ಒಂದೇ ಥರದ ವಿಮಾನ, ಒಂದೇ ಪಿನ್ನು. ನಿಮ್ಮ ಕಾರ್ಯದರ್ಶಿ ನಿಲ್ಲಿಸಿದ್ರು. ನೀವು ಹಾರಿ ಬಂದ್ರಿ. ಅಧಿಕಾರಿ ನಿಮ್ಮನ್ನ ಒಂದೇ ಒಂದು ಪ್ರಶ್ನೆ ಕೇಳ್ತಾರೆ. ಪಿನ್ ಸಮ ಇತ್ತೋ, ಹೊರಗಿತ್ತೋ? ಸಮ ಇತ್ತು ಅಂದ್ರೆ ಕೆಟ್ಟ ಬ್ರೇಕಲ್ಲಿ ನಲವತ್ತನಾಲ್ಕು ಜನರನ್ನ ಹಾರಿಸಿದೀರಿ ಅಂತಾಯ್ತು. ಲೈಸೆನ್ಸ್ ನಾನು ಉಳಿಸೋಕೆ ಆಗಲ್ಲ. ಸ್ವಲ್ಪ ಹೊರಗಿತ್ತು ಅಂದ್ರೆ, ನೀವು ಜಾಗ್ರತೆ ಇರೋ ಪೈಲಟ್. ಸುಮ್ಮನೆ ಒಂದು ಸಲ ನೋಡಿ ಅಂತ ಚೀಟಿ ಬರೆದಿದ್ದು. ಅಷ್ಟಕ್ಕೇ ನಿಮ್ಮ ಕಾರ್ಯದರ್ಶಿ ವಿಮಾನ ನಿಲ್ಲಿಸಿದ್ರು ಅಂತ ನಾವು ಹೇಳ್ತೀವಿ. ಇಂಥೋರನ್ನೇ ನಾವು ಎಡಗಡೆ ಕೂರಿಸೋದು."

"ಹೊರಗಿತ್ತು ಅಂದ್ರೆ ಮೇಷ್ಟ್ರ ಗತಿ?"

"ಅದು ಮೇಷ್ಟ್ರನ್ನ ಕೇಳಿ," ಎಂದು ಅವನು ಪತ್ರದ ಮೇಲೆ ಪೆನ್ನು ಅಡ್ಡ ಇಟ್ಟ.

*

ಚೀಟಿಯ ಸುದ್ದಿ ಮುಟ್ಟಿ, ಮಾರನೆಯ ದಿನ ಮೇಷ್ಟ್ರು ಇಸ್ತ್ರಿ ಅಂಗಡಿಗೆ ಬಂದ. ಕೈಯಲ್ಲಿ ಅಂಗಿಗಳ ಗಂಟಿತ್ತು. ನೋಟಿಸು ಬಂದವನಿಗೆ ಬಿಳಿ ಅಂಗಿ ಯಾಕೆ ಅಂತ ಅಕ್ಕ ಕೇಳಲಿಲ್ಲ. ಎಣಿಸಿ ಪಕ್ಕಕ್ಕಿಟ್ಟಳು. ಗುಬ್ಬಿ ಗುಂಡಿ ಹಾಕುತ್ತ ಸ್ಟೂಲಿನ ಮೇಲೆ ಕೂತಿದ್ದಳು.

"ಬೈಯೋಕೆ ಬಂದಿಲ್ಲ ನಾನು," ಎಂದ ಮೇಷ್ಟ್ರು. "ಒಂದೇ ಕೇಳ್ತೀನಿ. ಸಮ ಇತ್ತಾ?"

"ಇತ್ತು."

"ಹಾಗಾದ್ರೆ ಅದನ್ನೇ ಹೇಳು. ಎಂಜಿನಿಯರ್‌ಗಳನ್ನ ನಮ್ಮ ಕಡೆ ಸಾಕ್ಷಿಗೆ ಬಿಡ್ತಿಲ್ಲ. ಸವೆದ ಬ್ರೇಕೆಲ್ಲ ಗುಜರಿಗೆ ಹೋಗಿದೆ. ಪಿನ್ ನಿಜವಾಗ್ಲೂ ಸಮ ಆಗ್ತಾವೆ, ನಾವು ಅಂಥವನ್ನೂ ಹಾರಿಸ್ತಾ ಬಂದಿದೀವಿ ಅಂತ ಕಣ್ಣಿಂದ ಕಂಡಿದ್ದು ಹೇಳೋಕೆ ಉಳಿದಿರೋಳು ನೀನೊಬ್ಬಳೇ."

"ಲೈಸೆನ್ಸ್ ಹೋಗುತ್ತೆ ಮೇಷ್ಟ್ರೇ."

"ಹೋಗಲ್ಲ. ಆರು ತಿಂಗಳು ಅಮಾನತು. ವಕೀಲರನ್ನ ಕೇಳ್ಕೊಂಡೇ ಬಂದಿದೀನಿ. ಆರು ತಿಂಗಳೂ ನಿನ್ನ ಸಂಬಳ ನಾವು ಕೈಯಿಂದ ಹಾಕ್ತೀವಿ. ಒಂದು ಪೈಸೆ ಕಡಿಮೆ ಆಗಲ್ಲ."

"ಆಮೇಲೆ?"

"ಆಮೇಲೆ ವಾಪಸ್ ಬರ್ತೀಯ."

"ಯಾವ ಸೀಟಿಗೆ?"

ಮೇಷ್ಟ್ರ ಬೆರಳು ಗಾಳಿಯಲ್ಲಿ ಏನೋ ಬರೆಯಲು ಹೋಗಿ ನಿಂತಿತು. "ಬಲಗಡೆಗೆ."

"ಎಷ್ಟು ವರ್ಷ?"

"ಐದು ಜನರ ಕೆಲಸ, ಗುಬ್ಬಿ. ನನಗೆ ಇಬ್ಬರು ಮಕ್ಕಳು ಅಂತ ಹೇಳೋಕೆ ನಾಚಿಕೆ ಆಗುತ್ತೆ, ಆದ್ರೆ ಇದಾರೆ," ಎಂದು ಹೊರಟ. ಬಾಗಿಲಲ್ಲಿ ತಿರುಗಿ, "ಅಂಗಿ ಗುರುವಾರಕ್ಕೆ ಸಿಗುತ್ತಾ ಅಕ್ಕ?" ಎಂದ.

"ಬುಧವಾರಾನೇ ಬನ್ನಿ," ಎಂದಳು ಅಕ್ಕ.

ಅವನು ಹೋದ ಮೇಲೆ ಅಕ್ಕ ಒಂದು ಅಂಗಿಯ ಕಾಲರು ಮುಗಿಸಿದಳು.

"ಸಣ್ಣೋಳಿದ್ದಾಗ ನಿಂಗೆ ದಿನಾ ಎರಡು ಪುಟ ಕಾಪಿ ಬರೆಸ್ತಿದ್ದೋಳು ನಾನು," ಎಂದಳು. "ಹಾಳಾದ ಅಕ್ಷರಾನೇ ಇದ್ದಿದ್ರೆ ಇಷ್ಟೆಲ್ಲ ಇರ್ತಿರ್ಲಿಲ್ಲ."

"ತಮಾಷೆ ಬೇಡ ಅಕ್ಕ."

"ತಮಾಷೆ ಅಲ್ಲ. ನಾನು ಎರಡು ಕೋಣೆ ಮಾರಿದೀನಿ, ಪಟ್ಟಿ ಹೊಲಿದಿಟ್ಟಿದೀನಿ ಅಂತ ನಾಳೆ ನನ್ನ ತಲೆ ಮೇಲೆ ಹಾಕ್ಬೇಡ. ಹೊಲಿಯೋಕೆ ಬರೋಳಿಗೆ ಬಿಚ್ಚೋಕೂ ಬರುತ್ತೆ. ಏನು ಮಾಡಿದ್ರೂ ನಿನ್ನ ಹೆಸರಲ್ಲೇ ಮಾಡು."

*

ಕಾರ್ಮಿಕ ಅಧಿಕಾರಿಯ ಕಚೇರಿ ಮೂರನೆಯ ಮಹಡಿ. ಲಿಫ್ಟು ಕೆಟ್ಟಿತ್ತು. ಹೊರಗಿನ ಬೆಂಚಿನಲ್ಲಿ ಗುಬ್ಬಿ ಒಂದು ತುದಿಗೆ, ಐದು ಜನ ಇನ್ನೊಂದು ತುದಿಗೆ. ಮೊದಲು ಅಜ್ಜನನ್ನು ಒಳಗೆ ಕರೆದಿದ್ದರು. ಕಾಲು ಗಂಟೆಗೆ ಹೊರಬಂದು ಅವಳ ಪಕ್ಕ ಕೂತ. ಲವಂಗದ ವಾಸನೆ ಬಂತು.

"ಹೇಳ್ಬಿಟ್ಟೆ," ಎಂದ ಮೆಲ್ಲಗೆ. "ಪಿನ್ ಸಮ ಇದೆ ಅಂತ ಅವಳು ನಂಗೆ ಹೇಳಿದ್ಳು, ಗೊತ್ತಿದ್ದೂ ಹಾರಿಸ್ದೆ, ತಪ್ಪು ನಂದು ಅಂತ. ಎಲ್ಲಾ ಬರ್ಕೊಂಡ್ರು."

"ಅಜ್ಜ! ಏಳು ತಿಂಗಳು ಇತ್ತಲ್ಲ ನಿಮಗೆ."

"ಇತ್ತು. ಈಗ ಕೇಳು. ದೊಡ್ಡ ಏಟು ಕ್ಯಾಪ್ಟನ್‌ಗೆ ಬೀಳೋದು, ನಿನಗಲ್ಲ. ನನ್ನ ಉಳಿಸ್ಬೇಕು ಅಂತ ನೀನು ಸುಳ್ಳು ಹೇಳೋ ಅಗತ್ಯ ಇಲ್ಲ. ದಾರಿ ಖಾಲಿ ಮಾಡ್ಕೊಟ್ಟಿದೀನಿ."

ಅವಳ ಹೆಸರು ಕೂಗಿದರು. ಎದ್ದು ನಿಂತಾಗ ಕೈ ತಾನಾಗಿ ಭುಜದ ಮೇಲೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ. ಅಂದು ಅವಳು ಸಮವಸ್ತ್ರದಲ್ಲಿರಲಿಲ್ಲ. ಭುಜದ ಮೇಲೆ ಏನೂ ಇರಲಿಲ್ಲ.

ಅಧಿಕಾರಿಗೆ ನೆಗಡಿಯಾಗಿತ್ತು. ಕಂಪನಿಯ ವಕೀಲ ಮೇಜಿನ ಮೇಲೆ ಎರಡು ಕಾಗದ ಇಟ್ಟ. ಒಂದು ಚೀಟಿ. ಇನ್ನೊಂದು ಸಂಘದ ನಡಾವಳಿ, "ಎಷ್ಟೇ ಸಣ್ಣ ದೋಷವಿರಲಿ" ಎಂಬಲ್ಲಿ ಗೆರೆ ಎಳೆದದ್ದು.

"ಎರಡೂ ನಿಮ್ಮ ಅಕ್ಷರಾನಾ?"

"ಹೌದು."

ಅಧಿಕಾರಿ ಮೂಗು ಒರೆಸಿಕೊಂಡ. "ಕ್ಯಾಪ್ಟನ್ ಕೆಳಗೆ ಇಳಿದು ನೋಡಿಲ್ಲ ಅಂತ ಅವರೇ ಹೇಳಿದಾರೆ. ನೀವು ನೋಡಿದೀರಿ. ಪಿನ್ನು ಲೋಹಕ್ಕೆ ಸಮ ಇತ್ತೋ, ಹೊರಗಿತ್ತೋ?"

ಕಿಟಕಿಯಾಚೆ ಯಾರೋ ಗಾಡಿ ಹಿಂದಕ್ಕೆ ತೆಗೆಯುತ್ತಿದ್ದರು. ಅವಳು ತನ್ನ ಉಗುರನ್ನು ನೋಡಿಕೊಂಡಳು. ಆ ಲೋಹದ ನುಣುಪು ಇನ್ನೂ ಅದಕ್ಕೆ ನೆನಪಿತ್ತು.

"ಒಂದು ಕೂದಲೆಳೆಯಷ್ಟು ಹೊರಗಿತ್ತು," ಎಂದಳು.

"ಕ್ಯಾಪ್ಟನ್‌ಗೆ ಸಮ ಅಂದಿರಿ ಅಂತಾರೆ?"

"ಅವರಿಗೆ ವಯಸ್ಸಾಗಿದೆ. ತಪ್ಪು ಕೇಳಿಸ್ಕೊಂಡಿರಬಹುದು."

"ಅಂದ್ರೆ ಪುಸ್ತಕಕ್ಕೆ ಬರೆದು ವಿಮಾನ ನಿಲ್ಲಿಸೋವಂಥ ದೋಷ ಅಲ್ಲ?"

"ಅಲ್ಲ. ಸಣ್ಣದು."

ವಕೀಲ ಪೆನ್ನಿನ ಮುಚ್ಚಳ ಹಾಕಿದ. ಅಲ್ಲಿಗೆ ಮುಗಿಯಿತು. ಹೊರಗೆ ಬಂದಾಗ ಯಾರೂ ಏನೂ ಕೇಳಲಿಲ್ಲ. ಬಾಗಿಲು ತೆಳು ಹಲಗೆಯದು. ಅಜ್ಜ ಅವಳನ್ನು ದಾಟಿಕೊಂಡು ಮೆಟ್ಟಿಲು ಇಳಿಯುತ್ತ, "ಕಿವಿ ಚೆನ್ನಾಗೇ ಇದೆ ಕಣಮ್ಮ," ಎಂದ. ದನಿ ಆಗಲೂ ಏರಲಿಲ್ಲ.

*

ಪತ್ರಕ್ಕೆ ಅಂದೇ ಸಂಜೆ ಸಹಿ ಬಿತ್ತು. ಅಕ್ಕ ಗುಂಡಿಗಳ ಡಬ್ಬಿ ತೆಗೆದು ನಾಲ್ಕು ಪಟ್ಟಿಯ ಜೊತೆಯನ್ನು ಮೇಜಿನ ಮೇಲಿಟ್ಟಳು. ತೊಡಿಸಲಿಲ್ಲ.

ಗುಬ್ಬಿ ಎಡಗಡೆ ಕೂತಳು. ಬ್ರೇಕು ಈಗ ಅವಳ ಕೈಯಲ್ಲಿ. ಬಲಗಡೆ ಕೂರುವ ಹುಡುಗರು ಚೆಕ್‌ಲಿಸ್ಟ್ ಓದುತ್ತಾರೆ, ಅವಳು ಉತ್ತರ ಹೇಳುತ್ತಾಳೆ. ಅದು ಬಿಟ್ಟು ಮಾತಿಲ್ಲ. ಮಧ್ಯೆ ಒಂದು ಮೊಳ.

ಪುಸ್ತಕಕ್ಕೆ ಬರೆದವರಿಗೆ ಏನಾಯಿತು ಅಂತ ಎಲ್ಲರೂ ನೋಡಿದ್ದರು. ಚೀಟಿ ಬರೆದರೆ ಏನಾಗುತ್ತದೆ ಅಂತಲೂ ನೋಡಿದ್ದರು. ಈಗ ಯಾರೂ ಎರಡನ್ನೂ ಬರೆಯುವುದಿಲ್ಲ. ಒಂದು ಸಂಜೆ ಅವಳು ಎಂಜಿನಿಯರ್‌ಗಳ ಕೋಣೆಯ ಮುಂದೆ ಹಾದುಹೋಗುವಾಗ ಒಳಗಿದ್ದವನು ಬಿಸ್ಕತ್ತು ಡಬ್ಬಿಯನ್ನು ಬೋರಲು ಹಾಕಿ ತೋರಿಸಿದ.

"ನಾಲ್ಕು ತಿಂಗಳಾಯ್ತು ಮೇಡಂ, ಒಂದೂ ಬಂದಿಲ್ಲ. ಹನ್ನೊಂದು ವಿಮಾನಕ್ಕೂ ಒಟ್ಟಿಗೇ ಆರೋಗ್ಯ ಬಂದಿದೆ," ಎಂದ. ಆಮೇಲೆ ಡಬ್ಬಿಗೆ ಸ್ಕ್ರೂಗಳನ್ನು ತುಂಬಿ ಮೇಲಿನ ಹಲಗೆಗೆ ಇಟ್ಟ.

ಬುಧವಾರ ಬರಬೇಕಿದ್ದ ಮೇಷ್ಟ್ರು ಬರಲಿಲ್ಲ. ಅವನ ಅಂಗಿಗಳು ಇನ್ನೂ ಮೊಳೆಯಲ್ಲಿವೆ.

ಕೆಲಸ ಹೋದ ಕ್ಯಾಪ್ಟನ್‌ಗಳು ಐದು ಜನ. ಅಜ್ಜನನ್ನು ಆರು ತಿಂಗಳು ಮೂರು ವಾರ ಮುಂಚೆ ಮನೆಗೆ ಕಳಿಸಿದರು. ನಿವೃತ್ತಿಗೆ ಬರಬೇಕಿದ್ದ ಹಣ ಬರಲಿಲ್ಲ. ಸಂಘದಲ್ಲಿ ನಲವತ್ತಾರು ಜನ ಇದ್ದರು, ಒಂಬತ್ತು ಉಳಿದರು, ಆಮೇಲೆ ಅವರೂ ಸೇರುವುದನ್ನು ಬಿಟ್ಟರು. ಸಂಬಳ ಈಗಲೂ ಬ್ರೇಕಿನಿಂದ ಬ್ರೇಕಿಗೆ. ಅಕ್ಕನ ಅಂಗಡಿಗೆ ವಾರಕ್ಕೆ ನೂರಹತ್ತು ಬಿಳಿ ಅಂಗಿ ಬರುತ್ತಿದ್ದವು. ಈಗ ಐದು ಬರುತ್ತವೆ, ಐದೂ ತಂಗಿಯವು.